ಹಳೇ ಕೆಲಸ ಬೇಡ ಅಂದಮೇಲೆ

ಮಕ್ಕಳಿಗೋಸ್ಕರ ಕೆಲಸ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿದ್ದವರು ಮತ್ತೆ ದುಡಿಯಲು ಹೊರಟರೆ ಎಲ್ಲರಿಂದಲೂ ಸಿಗುವ ಸಲಹೆ ಒಂದೇ: "ನೀವೇನು ಸುಮ್ಮನೆ ಕೂತಿದ್ರಾ? ಮನೆ ನಡೆಸೋದು ಅಂದ್ರೆ ಕಂಪನಿ ನಡೆಸಿದ ಹಾಗೇ. ಅದನ್ನೇ ರೆಸ್ಯೂಮಿನಲ್ಲಿ ಬರೀರಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಈ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಜ್ವರ ಬಂದ ಮಗುವಿನ ಪಕ್ಕ ರಾತ್ರಿಯೆಲ್ಲ ಕೂತದ್ದನ್ನು 'ಕ್ರೈಸಿಸ್ ಮ್ಯಾನೇಜ್‌ಮೆಂಟ್' ಅಂತ ಬರೆದರೆ ಆ ರಾತ್ರಿಗೂ ಮರ್ಯಾದೆ ಇಲ್ಲ, ಬರೆದವರಿಗೂ ಇಲ್ಲ. ಇಂಟರ್‌ವ್ಯೂ ಮಾಡುವವರು ಅಂಥದ್ದನ್ನು ಓದಿ, ಸೌಜನ್ಯಕ್ಕೊಂದು ನಗು ನಕ್ಕು, ಮುಂದಿನ ಸಾಲಿಗೆ ಹೋಗುತ್ತಾರೆ. ಇಂಟರ್‌ವ್ಯೂ ಮೇಜಿನ ಎರಡೂ ಕಡೆ ಕೂತವಳಾದ್ದರಿಂದ ಆ ನಗು ನನಗೆ ಚೆನ್ನಾಗಿ ಗೊತ್ತು.

ಮನೆಯಲ್ಲಿದ್ದ ಹತ್ತಿರ ಹತ್ತು ವರ್ಷದಲ್ಲಿ ನಾನು ಯಾವ ಹೊಸ 'ಸ್ಕಿಲ್' ಕಲಿತೆ ಅಂತ ಯಾರಾದರೂ ಕೇಳಿದರೆ ನೇರ ಉತ್ತರ ಕೊಡುವುದು ಕಷ್ಟ. ಬದಲಾದದ್ದು ಬೇರೆ. ಹೊತ್ತಿನ ಬಗ್ಗೆ ನನಗಿದ್ದ ಸಲಿಗೆ ಹೋಯಿತು. ಮೊದಲೆಲ್ಲ ಸಂಜೆ, ಭಾನುವಾರ, ಊಟದ ಹೊತ್ತು ಎಲ್ಲವನ್ನೂ ಕೇಳಿದವರಿಗೆ ಎತ್ತಿ ಕೊಡುತ್ತಿದ್ದವಳು ನಾನು. ಮಗು ಹುಟ್ಟಿದ ಮೇಲೆ ಅರ್ಧ ಗಂಟೆ ಅಂದರೆ ಎಷ್ಟು ಅನ್ನುವುದು ತಿಳಿಯಿತು. ಹಾಗಾಗಿ ಮತ್ತೆ ಕೆಲಸ ಹುಡುಕುವಾಗ ನನ್ನ ಪ್ರಶ್ನೆ 'ನನಗೆ ಏನು ಬರುತ್ತದೆ' ಅನ್ನುವುದಾಗಿರಲಿಲ್ಲ. ಯಾವ ಕೆಲಸ ನನ್ನ ಹೊತ್ತಿನ ಮೇಲೆ ಎಷ್ಟು ಹಕ್ಕು ಸಾಧಿಸುತ್ತದೆ, ಅದಕ್ಕೆ ಬದಲಾಗಿ ಏನು ಕೊಡುತ್ತದೆ ಅನ್ನುವುದಷ್ಟೇ ಆಗಿತ್ತು. ವೃತ್ತಿಯೇ ಬದಲಾದದ್ದು ಈ ಪ್ರಶ್ನೆಯಿಂದ.

ಹಳೇ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಆಸ್ಪತ್ರೆಗಳಿಗೂ ಲ್ಯಾಬ್‌ಗಳಿಗೂ ರಕ್ತಪರೀಕ್ಷೆಯ ಯಂತ್ರಗಳನ್ನು ಮಾರುತ್ತಿದ್ದೆ. ಯಂತ್ರ ಕೆಟ್ಟರೆ ಸರ್ವೀಸ್ ಇಂಜಿನಿಯರಿಗೆ ಫೋನ್ ಮಾಡಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ಯಾರೂ ಮಾಡುವುದಿಲ್ಲ. ಮೊದಲ ಕರೆ ಬರುವುದು ಮಾರಿದವರಿಗೆ. ರಾತ್ರಿ ಹನ್ನೊಂದಕ್ಕೆ ಲ್ಯಾಬಿನವರು ಫೋನ್ ಮಾಡಿದಾಗ ನಾನು ಎತ್ತಿದರೆ ಮುಂದಿನ ಆರ್ಡರ್ ನನ್ನದು, ಎತ್ತದಿದ್ದರೆ ಇನ್ನೊಬ್ಬರದ್ದು. ನನಗೆ ಸಿಗುತ್ತಿದ್ದ ಒಳ್ಳೆಯ ಸಂಬಳದಲ್ಲಿ ಎಷ್ಟು ಭಾಗ ಯಂತ್ರದ ಬಗ್ಗೆ ಗೊತ್ತಿದ್ದದ್ದಕ್ಕೆ, ಎಷ್ಟು ಭಾಗ ಆ ಫೋನ್ ಎತ್ತಿದ್ದಕ್ಕೆ ಅಂತ ಆಗ ಲೆಕ್ಕ ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಕೆಲಸ ಖುಷಿ ಕೊಡುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮಗಳು ಸ್ಕೂಲಿಗೆ ಒಗ್ಗಿಕೊಂಡು, ಮಗನೂ ಹೋಗಲು ಶುರುಮಾಡಿದ ಮೇಲೆ ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಈಗ ಅವರೇ ಆ ವಿಭಾಗದ ಮುಖ್ಯಸ್ಥರು. "ಬನ್ನಿ ಮೇಡಂ, ನಿಮ್ಮ ಹಳೇ ಕ್ಲೈಂಟುಗಳೇ ಇನ್ನೂ ಇದಾರೆ. ಈಗಲೂ ನಿಮ್ಮ ಹೆಸರು ಹೇಳ್ತಾರೆ" ಅಂದರು. ಹಿಗ್ಗಿದೆ. ಹಿಗ್ಗಿಕೊಂಡೇ ಕೇಳಿದೆ: "ಸಂಜೆ ಆರರ ಮೇಲೆ ಫೋನ್ ಎತ್ತಲ್ಲ ಅಂದ್ರೆ ನಡೆಯುತ್ತಾ ಸರ್?" ಅವರು ನಕ್ಕರು. "ಅದು ನಿಮಗೇ ಗೊತ್ತಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸತ್ಯವನ್ನೇ ಹೇಳಿದರು, ಅದೂ ಮೊದಲ ದಿನವೇ. ಎಷ್ಟೋ ಕಡೆ ಇದು ಗೊತ್ತಾಗುವುದು ಸೇರಿ ಆರು ತಿಂಗಳಾದ ಮೇಲೆ.

ಈ ಸಂಗತಿಯನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ವಿವರಿಸಿದವರು ಕ್ಲಾಡಿಯಾ ಗೋಲ್ಡಿನ್. 2023ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಕೆಲವು ಕೆಲಸಗಳನ್ನು ಅವರು ದುರಾಸೆಯ ಕೆಲಸಗಳು ಅನ್ನುತ್ತಾರೆ. ಅಂಥ ಕಡೆ ಎರಡು ಪಟ್ಟು ಗಂಟೆ ಕೊಟ್ಟವರಿಗೆ ಸಂಬಳ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ. ವೇಳೆಯಲ್ಲದ ವೇಳೆಗೆ ಸಿಗುವವರಿಗೆ, ಕರೆದಾಗ ಬರುವವರಿಗೆ ಬೆಲೆ ಹೆಚ್ಚು. ಒಂದು ಮನೆಯಲ್ಲಿ ಇಬ್ಬರಿಗೂ ಇಂಥ ಕೆಲಸವಿದ್ದು ಮಗುವೂ ಬಂದರೆ, ಯಾರಾದರೊಬ್ಬರು ಕರೆದಾಗ ಮನೆಗೆ ಸಿಗುವವರಾಗಬೇಕು. ಆ ಒಬ್ಬರು ಸಾಮಾನ್ಯವಾಗಿ ಹೆಂಡತಿ. ಇಬ್ಬರೂ ಒಂದೇ ಓದು ಓದಿ, ಒಂದೇ ಸಂಬಳದಲ್ಲಿ ಶುರುಮಾಡಿದ್ದರೂ ಕೆಲವೇ ವರ್ಷಗಳಲ್ಲಿ ಅಂತರ ಬೀಳುವುದು ಹೀಗೆ.

ಗೋಲ್ಡಿನ್ ಮತ್ತು ಲಾರೆನ್ಸ್ ಕ್ಯಾಟ್ಜ್ ಸೇರಿ ಬರೆದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಅದು ಅಮೆರಿಕದ ಫಾರ್ಮಸಿಸ್ಟ್‌ಗಳ ಬಗ್ಗೆ. ಒಂದು ಕಾಲಕ್ಕೆ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಬಹಳಷ್ಟು ಒಬ್ಬೊಬ್ಬರ ಸ್ವಂತದ್ದು. ಮಾಲೀಕನೇ ಫಾರ್ಮಸಿಸ್ಟ್, ಗಿರಾಕಿಗೆ ಬೇಕಾದದ್ದು ಅವನೇ. ಆಮೇಲೆ ದೊಡ್ಡ ಸರಣಿ ಅಂಗಡಿಗಳು ಬಂದವು, ಆಸ್ಪತ್ರೆಗಳ ಔಷಧಾಲಯಗಳು ಬೆಳೆದವು, ಮಾತ್ರೆಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿದವು, ರೋಗಿಯ ಹಳೇ ಚೀಟಿಗಳೆಲ್ಲ ಕಂಪ್ಯೂಟರಿಗೆ ಸೇರಿದವು. ಬೆಳಿಗ್ಗೆ ಇದ್ದವರು ಮಧ್ಯಾಹ್ನ ಹೊರಟರೆ ಆಮೇಲೆ ಬಂದವರು ಅದೇ ದಾಖಲೆ ನೋಡಿ ಮುಂದುವರಿಸಬಹುದು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಹುದು ಅಂತಾದ ಮೇಲೆ ವಾರಕ್ಕೆ ಕಡಿಮೆ ಗಂಟೆ ದುಡಿಯುವವರಿಗೂ ಗಂಟೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಬಳ ಸಿಗತೊಡಗಿತು. ಹೆಂಗಸರು ಆ ವೃತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಾದರು, ಸಂಬಳವೇನೂ ಬೀಳಲಿಲ್ಲ. ಗಮನಿಸಿ: ಇದಕ್ಕಾಗಿ ಯಾರೂ ಚಳವಳಿ ಮಾಡಲಿಲ್ಲ, ಫಾರ್ಮಸಿಸ್ಟ್‌ಗಳ ಧೈರ್ಯ ಹೆಚ್ಚಿಸುವ ಶಿಬಿರ ನಡೆಸಲಿಲ್ಲ. ಕೆಲಸದ ಕಟ್ಟೋಣ ಬದಲಾಯಿತು, ಅಷ್ಟೇ.

ಇದನ್ನು ತಿಳಿದ ಮೇಲೆ ನನ್ನ ಹುಡುಕಾಟದ ರೀತಿಯೇ ಬೇರೆಯಾಯಿತು. ಹುದ್ದೆಯ ಹೆಸರು ನೋಡುವುದು ಬಿಟ್ಟೆ. ಈ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಇನ್ನೊಬ್ಬರು ಎತ್ತಿಕೊಳ್ಳಬಹುದಾ? ಇವತ್ತು ನಾನು ಬರದಿದ್ದರೆ ಯಾರಿಗಾದರೂ ನನ್ನ ಮೇಲೆಯೇ ಸಿಟ್ಟು ಬರುತ್ತದಾ? ಮುಗಿಸಿದ್ದು ಮುಗಿದಂತೆಯೇ ಇರುತ್ತದಾ, ಇಲ್ಲಾ ರಾತ್ರಿ ಮತ್ತೆ ಎದ್ದು ಬರುತ್ತದಾ? ಸ್ನೇಹಿತೆಯರಿಗೆ ಹೇಳಿದರೆ ನಕ್ಕರು. ಕೆಲಸ ಸಿಕ್ಕರೆ ಸಾಕು ಅನ್ನೋ ಸ್ಥಿತೀಲಿ ಇವಳಿಗೆ ಷರತ್ತು ಬೇರೆ ಅಂತ. ಅವರ ಮಾತಿನಲ್ಲೂ ಹುರುಳಿತ್ತು. ಮನೆಯಲ್ಲಿ ಇನ್ನೊಂದು ಸಂಬಳವಿದ್ದದ್ದರಿಂದ ನಾನು ಆರಿಸಬಹುದಾಗಿತ್ತು. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ, ಇದ್ದ ಸಂಬಳ ನಿಂತುಹೋದ ಮನೆಯವರಿಗೆ ಇಷ್ಟು ಯೋಚಿಸಲು ಪುರಸೊತ್ತೇ ಇರುವುದಿಲ್ಲ. ನನ್ನ ಇಡೀ ಬರಹ ಈ ಅನುಕೂಲದ ಮೇಲೆ ನಿಂತಿದೆ.

ಕೆಲಸ ಕೊಡುವವರ ಕಡೆಯಿಂದ ನೋಡಿದರೂ ವಿಷಯ ಹೊತ್ತಿನದ್ದೇ. ಅವರಿಗೆ ನಮ್ಮ ಜ್ಞಾನಕ್ಕೆ ತುಕ್ಕು ಹಿಡಿದಿದೆ ಅನ್ನುವ ಭಯ ಅಂತ ನಾವಂದುಕೊಳ್ಳುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕೇಟ್ ವೈಸ್‌ಹಾರ್ 2018ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿದರೆ ಅದಷ್ಟೇ ಅಲ್ಲ ಅನ್ನಿಸುತ್ತದೆ. ಅವರು ನಿಜವಾದ ಜಾಹೀರಾತುಗಳಿಗೆ ಕಲ್ಪಿತ ರೆಸ್ಯೂಮುಗಳನ್ನು ಕಳಿಸಿದರು. ಕೆಲವರು ಕೆಲಸದಲ್ಲೇ ಇದ್ದವರು, ಕೆಲವರು ಕೆಲಸ ಕಳೆದುಕೊಂಡವರು, ಕೆಲವರು ಮಕ್ಕಳಿಗಾಗಿ ಮನೆಯಲ್ಲಿದ್ದವರು. ಕೊನೆಯ ಎರಡು ಗುಂಪಿಗೂ ಗ್ಯಾಪಿನ ಉದ್ದ ಒಂದೇ. ಕೆಲಸದಲ್ಲಿದ್ದ ತಾಯಂದಿರಲ್ಲಿ ಶೇ. 15.3 ಮಂದಿಗೆ ಕರೆ ಬಂತು. ಕೆಲಸ ಕಳೆದುಕೊಂಡ ತಾಯಂದಿರಿಗೆ ಶೇ. 9.7. ಮನೆಯಲ್ಲಿದ್ದವರಿಗೆ ಶೇ. 4.9. ತಂದೆಯರಲ್ಲೂ ಹೀಗೇ: 14.6, 8.8, 5.4. ತುಕ್ಕು ಹಿಡಿಯುವುದಾದರೆ ಇಬ್ಬರಿಗೂ ಅಷ್ಟೇ ಹಿಡಿದಿರಬೇಕಲ್ಲ? ಆ ಕೊನೆಯ ಎರಡು ಗುಂಪಿನ ನಡುವೆ ಇರುವ ವ್ಯತ್ಯಾಸ ಇಷ್ಟೇ: ಒಬ್ಬರ ಕೆಲಸ ಹೋಯಿತು, ಇನ್ನೊಬ್ಬರು ತಾವೇ ಬಿಟ್ಟರು. ಒಮ್ಮೆ ಮನೆಗೆ ಹೊತ್ತು ಕೊಟ್ಟವರು ಇನ್ನೊಮ್ಮೆಯೂ ಕೊಟ್ಟಾರು ಅನ್ನುವ ಅನುಮಾನ.

ಈ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗಂಡಸರ ಸಾಲು. ಮನೆಯಲ್ಲಿದ್ದ ತಂದೆಗೂ ಬಾಗಿಲು ಅಷ್ಟೇ ಬಿಗಿ. ಮಾತಿಗೆ ಮುಂಚೆ "ಅಪ್ಪಂದಿರೂ ಬಿಡುವು ತಗೊಳ್ಳಲಿ" ಅನ್ನುತ್ತೇವೆ. ತಗೊಂಡವನಿಗೆ ವಾಪಸು ಬರುವಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ಮೂರು ವರ್ಷ ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡು, ಇಂಟರ್‌ವ್ಯೂನಲ್ಲಿ 'ಸ್ವಂತ ವ್ಯವಹಾರ ಮಾಡಿಕೊಂಡಿದ್ದೆ, ನಡೆಯಲಿಲ್ಲ' ಅಂತ ಹೇಳಿದರು. ವ್ಯವಹಾರದಲ್ಲಿ ಸೋತೆ ಅನ್ನುವುದು ಮಗುವನ್ನು ಬೆಳೆಸಿದೆ ಅನ್ನುವುದಕ್ಕಿಂತ ಗೌರವದ ಉತ್ತರವಂತೆ. ಅವರಿಗೆ ಕೆಲಸವೂ ಸಿಕ್ಕಿತು.

ಮನೆಯಲ್ಲಿ ಮಾಡುವುದು ಕೆಲಸವೇ ಅಲ್ಲವೇ ಅನ್ನುವ ವಾದ ಮಾತ್ರ ಎಂದೋ ಇತ್ಯರ್ಥವಾಗಿದೆ, ಕನಿಷ್ಠ ಪುಸ್ತಕದಲ್ಲಿ. 1934ರಲ್ಲೇ ಮಾರ್ಗರೆಟ್ ರೀಡ್ ಎಂಬ ಅರ್ಥಶಾಸ್ತ್ರಜ್ಞೆ ಸರಳ ಪರೀಕ್ಷೆ ಕೊಟ್ಟರು: ನಿಮಗಾಗಿ ಇನ್ನೊಬ್ಬರಿಗೆ ದುಡ್ಡು ಕೊಟ್ಟು ಅದನ್ನು ಮಾಡಿಸಬಹುದಾದರೆ ಅದು ಉತ್ಪಾದಕ ಕೆಲಸ. ನಿಮ್ಮ ಪರವಾಗಿ ನಿದ್ದೆ ಮಾಡಲು ಯಾರನ್ನೂ ನೇಮಿಸಲಾಗುವುದಿಲ್ಲ, ಮಗುವನ್ನು ನೋಡಿಕೊಳ್ಳಲು ನೇಮಿಸಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರ ವರದಿಯಲ್ಲಿ ಇಂಥ ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ಜಗತ್ತು ದಿನಕ್ಕೆ 1,640 ಕೋಟಿ ಗಂಟೆ ಕೊಡುತ್ತದೆ ಅಂತ ಲೆಕ್ಕ ಹಾಕಿತು. 200 ಕೋಟಿ ಜನ ದಿನಕ್ಕೆ ಎಂಟು ಗಂಟೆ ದುಡಿದಷ್ಟು. ಅದರಲ್ಲಿ ಶೇ. 76.2 ಹೆಂಗಸರದ್ದು. ಆದರೆ ಯಾವ ಕಂಪನಿಯ ಅರ್ಜಿ ನಮೂನೆಯಲ್ಲೂ ಈ ಗಂಟೆಗಳಿಗೆ ಕಾಲಂ ಇಲ್ಲ.

ಸರಿ, ನಾನು ಆರಿಸಿದ್ದು ಮೆಡಿಕಲ್ ಕೋಡಿಂಗ್. ಕೋಡಿಂಗ್ ಅಂದ ಕೂಡಲೇ ಸಾಫ್ಟ್‌ವೇರ್ ಅಂದುಕೊಳ್ಳುವವರೇ ಹೆಚ್ಚು, ನನ್ನ ಗಂಡನ ಸ್ನೇಹಿತರೊಬ್ಬರು ಇವತ್ತಿಗೂ ಹಾಗೇ ಅಂದುಕೊಂಡಿದ್ದಾರೆ. ಇದು ಓದುವ ಕೆಲಸ. ಡಾಕ್ಟರು ಬರೆದ ಟಿಪ್ಪಣಿ, ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ವರದಿ ಇವನ್ನೆಲ್ಲ ಓದಿ ಅದರಲ್ಲಿರುವ ಪ್ರತಿ ರೋಗಕ್ಕೂ ಪ್ರತಿ ಚಿಕಿತ್ಸೆಗೂ ನಿಗದಿಯಾದ ಸಂಕೇತ ಹಾಕಬೇಕು. ವಿಮೆಯ ಹಣ, ಆಸ್ಪತ್ರೆಯ ಬಿಲ್ಲು, ಸರ್ಕಾರಗಳ ಆರೋಗ್ಯದ ಅಂಕಿಅಂಶ ಎಲ್ಲ ನಿಂತಿರುವುದು ಈ ಸಂಕೇತಗಳ ಮೇಲೆ. ರೋಗಗಳ ಸಂಕೇತಪಟ್ಟಿಗೆ ಐಸಿಡಿ ಅಂತ ಹೆಸರು, ವಿಶ್ವ ಆರೋಗ್ಯ ಸಂಸ್ಥೆಯದ್ದು. ಅದರ ಹತ್ತನೇ ಆವೃತ್ತಿಯಾದ ಐಸಿಡಿ-10ರಲ್ಲಿ ತೊಡಕಿಲ್ಲದ ಟೈಪ್ 2 ಸಕ್ಕರೆ ಕಾಯಿಲೆ ಇ11.9, ಬರೀ ರಕ್ತದೊತ್ತಡ ಐ10. ಇಂಥವು ಬೇಗ ಬಾಯಿಗೆ ಬರುತ್ತವೆ. ಕಷ್ಟ ಇರುವುದು ನಿಯಮಗಳಲ್ಲಿ. ಉದಾಹರಣೆಗೆ, ನಾವು ಅನುಸರಿಸುವ ಅಮೆರಿಕದ ನಿಯಮದಲ್ಲಿ ಹೊರರೋಗಿಯ ಚೀಟಿಯಲ್ಲಿ ಡಾಕ್ಟರು 'ನ್ಯುಮೋನಿಯಾ ಇರಬಹುದು' ಅಂತ ಬರೆದಿದ್ದರೆ ನ್ಯುಮೋನಿಯಾ ಕೋಡ್ ಹಾಕುವ ಹಾಗಿಲ್ಲ. ಕೆಮ್ಮು, ಜ್ವರ ಅಂತ ಕಂಡದ್ದನ್ನಷ್ಟೇ ಹಾಕಬೇಕು. ಅದೇ ಮಾತು ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಮನೆಗೆ ಹೊರಟವರ ಸಮ್ಮರಿಯಲ್ಲಿದ್ದರೆ ರೋಗ ಇತ್ತು ಅಂತಲೇ ಕೋಡ್ ಮಾಡಬೇಕು. ಒಂದೇ 'ಇರಬಹುದು', ಎರಡು ಕಡೆ ಎರಡು ತೂಕ.

ನನ್ನ ಷರತ್ತುಗಳಿಗೆ ಇದು ಹೊಂದಿತು. ಒಂದು ಚಾರ್ಟ್, ಅಂದರೆ ಒಬ್ಬ ರೋಗಿಯ ದಾಖಲೆ, ಮುಗಿದರೆ ಮುಗಿಯಿತು, ಅದು ಫೋನ್ ಮಾಡುವುದಿಲ್ಲ. ನಾನು ರಜೆ ಹಾಕಿದರೆ ಪಕ್ಕದವರು ಅದೇ ಸರದಿಯಿಂದ ಮುಂದಿನ ಚಾರ್ಟ್ ಎತ್ತಿಕೊಳ್ಳುತ್ತಾರೆ. ಯಂತ್ರ ಮಾರುವಾಗ ಕಲಿತಿದ್ದ ಲ್ಯಾಬಿನ ಭಾಷೆಯೂ ಅಷ್ಟಿಷ್ಟು ಕೈಹಿಡಿಯಿತು. ಆ ಮಟ್ಟಿಗೆ ಇದು ಪೂರ್ತಿ ಹೊಸ ದಾರಿಯೇನಲ್ಲ. ವೃತ್ತಿ ಬದಲಿಸುವವರಲ್ಲಿ ಬಹುತೇಕರು ಹೀಗೇ ಹಳೇ ಮನೆಯ ಪಕ್ಕದ ಮನೆಗೆ ಹೋಗುವವರು ಅಂತ ನನ್ನ ಅನಿಸಿಕೆ. ಬ್ಯಾಂಕು ಬಿಟ್ಟು ಶಾಲೆಯ ಲೆಕ್ಕಪತ್ರ ನೋಡುವವರು, ಪತ್ರಿಕೆ ಬಿಟ್ಟು ಅನುವಾದಕ್ಕೆ ಬಂದವರು ಇದ್ದಾರೆ. ಪೂರ್ತಿ ಬೇರೆ ದಿಕ್ಕಿಗೆ ಹಾರಿದವರ ಕತೆಗಳು ಕೇಳಲು ಚೆಂದ, ಅಂಥವರನ್ನು ನಾನು ಹೆಚ್ಚು ಕಂಡಿಲ್ಲ.

ಐಸಿಡಿ-10ರ 21ನೇ ಅಧ್ಯಾಯ ನನ್ನ ಅಚ್ಚುಮೆಚ್ಚು. ರೋಗವಲ್ಲದಿದ್ದರೂ ಆರೋಗ್ಯದ ಮೇಲೆ ಪರಿಣಾಮ ಬೀರುವ ಸಂಗತಿಗಳೆಲ್ಲ ಅಲ್ಲಿವೆ, ಎಲ್ಲವೂ ಝಡ್ ಅಕ್ಷರದಿಂದ ಶುರು. ಝಡ್56.1 ಅಂದರೆ ಕೆಲಸ ಬದಲಾವಣೆ. ಝಡ್56.3, ಒತ್ತಡದ ಕೆಲಸದ ವೇಳಾಪಟ್ಟಿ. ಝಡ್63.6, ಮನೆಯಲ್ಲಿ ಆರೈಕೆ ಬೇಕಾದ ಅವಲಂಬಿತರಿರುವುದು. ಝಡ್73.2, ವಿಶ್ರಾಂತಿ ಮತ್ತು ಬಿಡುವಿನ ಕೊರತೆ. ಓದುತ್ತ ಓದುತ್ತ ನನ್ನದೇ ಹತ್ತು ವರ್ಷದ ಚಾರ್ಟನ್ನು ಯಾರೋ ಕೋಡ್ ಮಾಡಿಟ್ಟ ಹಾಗಿತ್ತು. ಇವನ್ನು ಬಳಸುವ ಸಂದರ್ಭ ಬರುವುದು ಅಪರೂಪ. ಚಾರ್ಟಿನಲ್ಲಿ ಬರೆದಿದ್ದರೆ ತಾನೇ ಹಾಕುವುದು.

ಕಲಿಕೆಯ ಬಗ್ಗೆ ಹೆಚ್ಚು ಜನ ಕೇಳುವುದು ವಯಸ್ಸಿನ ವಿಷಯ. ಎಎಪಿಸಿ ಎಂಬ ಸಂಸ್ಥೆ ಮೆಡಿಕಲ್ ಕೋಡಿಂಗ್ ಕಲಿತವರಿಗೆ ನಡೆಸುವ ಸಿಪಿಸಿ ಎಂಬ ಅರ್ಹತಾ ಪರೀಕ್ಷೆಯಲ್ಲಿ 100 ಪ್ರಶ್ನೆ, ನಾಲ್ಕು ಗಂಟೆ, ಪಾಸಾಗಲು ಶೇ. 70 ಬೇಕು. ಕೋಡಿನ ಪುಸ್ತಕಗಳನ್ನು ತೆರೆದಿಟ್ಟುಕೊಂಡೇ ಬರೆಯಬಹುದು. ಪುಸ್ತಕ ಎದುರಿಗಿದೆ ಅಂತ ಸುಲಭವೇನಲ್ಲ, ಪ್ರಶ್ನೆಗೆ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಆದರೆ ಇಲ್ಲಿ ಪರೀಕ್ಷಿಸುವುದು ಬಾಯಿಪಾಠವನ್ನಲ್ಲ, ಎಲ್ಲಿ ಹುಡುಕಬೇಕು ಅನ್ನುವುದನ್ನು. ನಲವತ್ತು ದಾಟಿದವರ ನೆನಪಿಗೆ ಇದು ಅನುಕೂಲವೇ. ಪಾಸಾದರೂ ಅನುಭವವಿಲ್ಲದವರ ಪದವಿಯ ಬಾಲಕ್ಕೆ ಒಂದು 'ಎ' ಅಂಟಿಸುತ್ತಾರೆ: ಸಿಪಿಸಿ-ಎ, ಅಂದರೆ ಇನ್ನೂ ಕಲಿಯುತ್ತಿರುವವಳು. ಅನುಭವದ ದಾಖಲೆ ತೋರಿಸಿದ ಮೇಲೆ ಅದು ಹೋಗುತ್ತದೆ. ಹಿಂದೆ ಒಂದು ತಂಡವನ್ನೇ ನಡೆಸಿದವಳ ಹೆಸರಿನ ಮುಂದೆ ಆ ಅಕ್ಷರ ಇದ್ದಾಗ ಮೊದಮೊದಲು ಚುಚ್ಚಿತು. ನನಗೆ ತರಬೇತಿ ಕೊಟ್ಟ ಹುಡುಗಿ ನನಗಿಂತ ಬಹಳ ಚಿಕ್ಕವಳು, ನನ್ನನ್ನು ಮೇಡಂ ಅನ್ನಬೇಕೋ ಹೆಸರು ಹಿಡಿದು ಕರೆಯಬೇಕೋ ಅಂತ ಅವಳಿಗೂ ಗೊಂದಲ. ಕೊನೆಗೆ ಅವಳೇ 'ಅಕ್ಕ' ಅಂತ ಶುರುಮಾಡಿದಳು. ತಪ್ಪು ತಿದ್ದುವಾಗ ಮಾತ್ರ ಅಕ್ಕ, ತಂಗಿ ಏನೂ ಇಲ್ಲ. "ಅಕ್ಕಾ, ಇಲ್ಲಿ ಎಡಗೈ ಅಂತ ಡಾಕ್ಟರು ಬರೆದಿದಾರೆ, ನೀವು ಬಲಗೈ ಕೋಡ್ ಹಾಕಿದೀರಿ, ಕ್ಲೇಮ್ ವಾಪಸ್ ಬರುತ್ತೆ."

ಎಡಗೈ ಬಲಗೈ ಅಂದಾಗ ಒಂದು ಸಂಗತಿ ನೆನಪಾಯಿತು. ಮನೆಯಲ್ಲಿದ್ದವರ ದೊಡ್ಡ ಭಯ, ಜಗತ್ತು ಮುಂದೆ ಹೋಗಿಬಿಟ್ಟಿದೆ ಅನ್ನುವುದು. ಈ ಕ್ಷೇತ್ರದಲ್ಲಿ 2015ರ ಅಕ್ಟೋಬರ್ 1ರಂದು ಒಂದು ಘಟನೆ ನಡೆಯಿತು. ಅಂದು ಅಮೆರಿಕ ಹಳೇ ಐಸಿಡಿ-9 ಬಿಟ್ಟು ಐಸಿಡಿ-10ಕ್ಕೆ ಬಂತು. ಸುಮಾರು 14,000 ಇದ್ದ ರೋಗ ಸಂಕೇತಗಳು ಸುಮಾರು 70,000 ಆದವು. ಎಡ ಬಲ ಬೇರೆ, ಮೊದಲ ಭೇಟಿ ಮುಂದಿನ ಭೇಟಿ ಬೇರೆ. ಇಪ್ಪತ್ತು ವರ್ಷದ ಸರ್ವೀಸ್ ಇದ್ದವರೂ ಮೊದಲಿನಿಂದ ಕಲಿಯಬೇಕಾಯಿತು. ಈಗಲೂ ಪ್ರತಿವರ್ಷ ಅಕ್ಟೋಬರ್ 1ಕ್ಕೆ ಪಟ್ಟಿ ಪರಿಷ್ಕರಣೆಯಾಗುತ್ತದೆ, ಹಳಬರೂ ಹೊಸಬರೂ ಒಟ್ಟಿಗೆ ಕೂತು ಓದುತ್ತೇವೆ. ವೃತ್ತಿ ಬದಲಿಸುವವರು ಇಂಥ ಕ್ಷೇತ್ರಗಳನ್ನು ಹುಡುಕಬೇಕು ಅಂತ ನಾನು ಹೇಳುತ್ತಿರುತ್ತೇನೆ. ನಿಯಮಪುಸ್ತಕ ಆಗಾಗ ಬದಲಾಗುವ ಕಡೆ ಹಳಬರ ಮುನ್ನಡೆ ಬಹಳ ದೂರ ಹೋಗುವುದಿಲ್ಲ. ತೆರಿಗೆಯ ಕೆಲಸ ಹೀಗಿದೆ, ವೆಬ್‌ಸೈಟು ಕಟ್ಟುವ ಕೆಲಸವೂ ಹೀಗೇ. ಸಂಪರ್ಕಗಳ ಮೇಲೆಯೇ ನಡೆಯುವ ಕ್ಷೇತ್ರಗಳಲ್ಲಿ ಮಾತ್ರ ಹೋದ ವರ್ಷ ಹೋದದ್ದೇ.

ರೆಸ್ಯೂಮಿಗೆ ಬರೋಣ. ಮನೆಯನ್ನು ಕಂಪನಿ ಮಾಡಿ ಬರೆಯುವುದು ಬೇಡ ಅಂದೆ, ಹಾಗಾದರೆ ಏನು ಬರೆಯಬೇಕು? 2023ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಪ್ರಕಟವಾಯಿತು, 9,022 ಅರ್ಜಿಗಳದ್ದು. ಕೆಲಸ ಮಾಡಿದ್ದನ್ನು 'ಈ ಇಸವಿಯಿಂದ ಆ ಇಸವಿವರೆಗೆ' ಅಂತ ಬರೆಯುವ ಬದಲು 'ಆರು ವರ್ಷ' ಅಂತ ಅನುಭವದ ಉದ್ದವನ್ನಷ್ಟೇ ಬರೆದರು. ಗ್ಯಾಪ್ ಕಾಣುವ ರೆಸ್ಯೂಮಿಗಿಂತ ಇದಕ್ಕೆ ಕರೆಗಳು ಸುಮಾರು ಶೇ. 15 ಹೆಚ್ಚು. ಬೆರಗಿನ ಮಾತೆಂದರೆ ಗ್ಯಾಪೇ ಇಲ್ಲದ ಮಾಮೂಲಿ ರೆಸ್ಯೂಮಿಗಿಂತಲೂ ಸುಮಾರು ಶೇ. 8 ಹೆಚ್ಚು. ಓದುವವರ ಕಣ್ಣು ಇಸವಿಗಳ ನಡುವಿನ ಖಾಲಿ ಜಾಗದ ಮೇಲೆ ಬೀಳುವ ಬದಲು ಅನುಭವದ ಮೇಲೆ ಬೀಳುತ್ತದೆ, ಅದಕ್ಕೇ ಇರಬೇಕು. ಇದರಲ್ಲಿ ಸುಳ್ಳೇನೂ ಇಲ್ಲ. ಇಂಟರ್‌ವ್ಯೂನಲ್ಲಿ ಕೇಳಿದರೆ ಇಸವಿ ಹೇಳಿದರಾಯಿತು. ನಾನು ಹಾಗೇ ಮಾಡಿದೆ. ಮನೆಯ ವರ್ಷಗಳಿಗೆ ಒಂದೇ ಸಾಲು: 'ಮಕ್ಕಳ ಪಾಲನೆಗಾಗಿ ಬಿಡುವು, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.' ಅದರ ಕೆಳಗೆ ಪರೀಕ್ಷೆಯ ಫಲಿತಾಂಶ. ಇಂಟರ್‌ವ್ಯೂನಲ್ಲಿ ಆ ಸಾಲಿನ ಬಗ್ಗೆ ಒಂದು ಪ್ರಶ್ನೆ ಬಂತು, ಉಳಿದ ಹೊತ್ತೆಲ್ಲ ಕೋಡುಗಳದ್ದೇ ಮಾತು. ಹೊಸ ಅರ್ಹತೆಯೊಂದು ಕೈಯಲ್ಲಿದ್ದರೆ ಮಾತು ಅದರ ಸುತ್ತ ತಿರುಗುತ್ತದೆ. ವೃತ್ತಿ ಬದಲಿಸುವುದರ ಒಂದು ಗುಟ್ಟಾದ ಲಾಭ ಇದು. ಹಳೇ ಕ್ಷೇತ್ರಕ್ಕೇ ಮರಳಿದವರನ್ನು ಬಿಟ್ಟುಹೋದ ವರ್ಷಗಳಿಂದ ಅಳೆಯುತ್ತಾರೆ, ಹೊಸಬಳನ್ನು ಹೊಸಬಳಾಗಿಯೇ ನೋಡುತ್ತಾರೆ.

ಎಲ್ಲ ಹೊಂದಾಣಿಕೆಯನ್ನೂ ನಾವೇ ಮಾಡಿಕೊಳ್ಳಬೇಕೆಂದು ಎಲ್ಲೂ ಬರೆದಿಲ್ಲ. ಕೆಲಸವನ್ನೇ ನಮ್ಮ ಹೊತ್ತಿಗೆ ತಕ್ಕ ಹಾಗೆ ಕಟ್ಟಿದವರೂ ಇದ್ದಾರೆ. ಸ್ಟೆಫನಿ ಶರ್ಲಿ 1962ರಲ್ಲಿ ಬ್ರಿಟನ್ನಿನಲ್ಲಿ ಸಾಫ್ಟ್‌ವೇರ್ ಕಂಪನಿ ಶುರುಮಾಡಿದರು, ಮದುವೆ ಮಕ್ಕಳು ಅಂತ ಕೆಲಸ ಬಿಟ್ಟಿದ್ದ ಪ್ರೋಗ್ರಾಮರ್ ಹೆಂಗಸರಿಗೆಂದೇ. ಎಲ್ಲರೂ ಮನೆಯಿಂದಲೇ, ತಮಗೆ ಸಾಧ್ಯವಾದ ಗಂಟೆಗಳಲ್ಲಿ. ಪತ್ರಗಳಿಗೆ ಉತ್ತರ ಬರುತ್ತಿಲ್ಲವೆಂದು 'ಸ್ಟೀವ್' ಅಂತ ಗಂಡಸಿನ ಹೆಸರಲ್ಲಿ ಸಹಿ ಹಾಕತೊಡಗಿದರು, ಉತ್ತರ ಬಂತು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದದ್ದು ಈ ಮನೆಯೊಳಗಿನ ಹೆಂಗಸರು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. 1975ರಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಕಾನೂನು ಬಂದಾಗ ಗಂಡಸರನ್ನೂ ಸೇರಿಸಿಕೊಳ್ಳಲೇಬೇಕಾಯಿತು. ಮನೆಯಿಂದ ಕೆಲಸ ಅನ್ನುವುದು 2020ರ ಕೋವಿಡ್ ಕಾಲದ ಆವಿಷ್ಕಾರವೆಂದು ಮಾತಾಡುವವರನ್ನು ಕಂಡಾಗ ನನಗೆ ಇವರ ನೆನಪಾಗುತ್ತದೆ.

ಇನ್ನು ಈ ಬದಲಾವಣೆಗೆ ಕೊಟ್ಟ ಬೆಲೆ. ಹೊಸ ಕೆಲಸದ ಸಂಬಳ ನಾನು ಹತ್ತು ವರ್ಷದ ಹಿಂದೆ ಬಿಟ್ಟ ಸಂಬಳಕ್ಕಿಂತ ಕಡಿಮೆ. ಫೋನ್ ಎತ್ತುವುದಕ್ಕೆ ಸಿಗುತ್ತಿದ್ದ ಭಾಗವನ್ನು ಕಳೆದರೆ ಉಳಿಯುವುದು ಇಷ್ಟೇ ಅಂತ ಈಗ ಆ ಹಳೇ ಲೆಕ್ಕ ಸಿಕ್ಕಿದೆ. ಜೊತೆಗೆ ಹೊತ್ತು ನನ್ನ ಕೈಗೆ ಬಂತು ಅಂದರೂ ಪೂರ್ತಿ ಬಂದಿಲ್ಲ. ಕೋಡಿಂಗಿನಲ್ಲಿ ಗಂಟೆಗೆ ಎಷ್ಟು ಚಾರ್ಟ್ ಅನ್ನುವ ಗುರಿ ಇರುತ್ತದೆ, ನಿಖರತೆ ಸಾಮಾನ್ಯವಾಗಿ ಶೇ. 95ಕ್ಕಿಂತ ಕೆಳಗೆ ಇಳಿಯಬಾರದು, ಆಡಿಟ್ ಮಾಡುವವರು ಆಗಾಗ ಮಾದರಿ ತೆಗೆದು ನೋಡುತ್ತಾರೆ. ಮನೆಯಲ್ಲಿ ನನ್ನ ಒಂದು ಗಂಟೆಯನ್ನೂ ಯಾರೂ ಎಣಿಸಿರಲಿಲ್ಲ, ಇಲ್ಲಿ ನಿಮಿಷ ಬಿಡದೆ ಎಣಿಸುತ್ತಾರೆ. ಎರಡರಲ್ಲಿ ಯಾವುದು ಹಿತ ಅಂತ ಕೇಳಿದರೆ, ಎಣಿಸುವುದೇ ಹಿತ. ಎಣಿಸುವವರಿಗೆ ಆರು ಗಂಟೆಗೆ 'ಇವತ್ತಿನದು ಆಯಿತು' ಅನ್ನಬಹುದು.

ಮನೆಯೊಳಗಿನ ಲೆಕ್ಕ ಇದಕ್ಕಿಂತ ತೊಡಕಿನದು. ನಾನು ಮನೆಯಲ್ಲಿದ್ದಾಗ ಉಳಿದವರ ಹೊತ್ತೆಲ್ಲ ನನ್ನ ಹೊತ್ತಿನ ಮೇಲೆ ನಿಂತಿತ್ತು. ಸ್ಕೂಲಿನಿಂದ ಫೋನ್ ಬಂದರೆ ಹೋಗುವವಳು ನಾನು, ಗ್ಯಾಸ್ ಬರುವ ದಿನ ಮನೆಯಲ್ಲಿರುವವಳು ನಾನು, ಮಗನಿಗೆ ಮುಂದಿನ ಲಸಿಕೆ ಯಾವಾಗ ಅಂತ ಗೊತ್ತಿದ್ದವಳೂ ನಾನೇ. ಕೆಲಸ ಸಿಕ್ಕಿದ ಸಂಭ್ರಮದಲ್ಲಿ "ನಾವೆಲ್ಲ ಸಹಾಯ ಮಾಡ್ತೀವಿ" ಅಂದರು. ಸಹಾಯ ಬೇಡ, ಕೆಲವು ಕೆಲಸಗಳನ್ನು ನೆನಪಿಟ್ಟುಕೊಳ್ಳುವ ಹೊಣೆಸಮೇತ ತಗೊಳ್ಳಿ ಅಂದೆ. ಗಂಡನಿಗೆ ಮೊದಲು ಇದು ಮಾತಿನ ಚಮತ್ಕಾರ ಅನ್ನಿಸಿತು. ಸ್ಕೂಲಿನ ದಾಖಲೆಯಲ್ಲಿ ಮೊದಲ ಸಂಪರ್ಕದ ಜಾಗದಲ್ಲಿ ಅವರ ಮೊಬೈಲ್ ನಂಬರ್ ಹಾಕಿಸಿ ಬಂದ ಮೇಲೆ ಅರ್ಥವಾಯಿತು. ಮೀಟಿಂಗಿನ ನಡುವೆ ಎದ್ದು ಹೋಗಬೇಕಾಗಿ ಬಂದ ದಿನ ರಾತ್ರಿ, "ಇದು ನಿಂಗೆ ದಿನಾ ಆಗ್ತಿತ್ತಾ?" ಅಂತ ಕೇಳಿದರು. ದಿನಾ ಇಲ್ಲ ಅಂದೆ. ಮಗಳು ಇನ್ನೂ ಏನು ಬೇಕಾದರೂ ಮೊದಲು ನನ್ನನ್ನೇ ಕೇಳುತ್ತಾಳೆ, ಅಪ್ಪ ಪಕ್ಕದಲ್ಲೇ ಕೂತಿದ್ದರೂ. ಅದನ್ನು ಯಾವ ಫಾರಂ ತಿದ್ದಿ ಸರಿಮಾಡುವುದೋ ಗೊತ್ತಿಲ್ಲ.

ಇನ್ನೊಂದು ಆತಂಕವನ್ನು ಹೇಳದೆ ಬಿಟ್ಟರೆ ಈ ದಾರಿಗೆ ಬರಲು ಯೋಚಿಸುವವರಿಗೆ ಅನ್ಯಾಯ. ಟಿಪ್ಪಣಿ ಓದಿ ಕೋಡ್ ಸೂಚಿಸುವ ಸಾಫ್ಟ್‌ವೇರ್ ಆಗಲೇ ಬಂದಿದೆ. ಸರಳ ಚಾರ್ಟುಗಳನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಹುದಾದ ಕೆಲಸ ಅಂತಲೇ ನಾನಿದನ್ನು ಆರಿಸಿಕೊಂಡದ್ದು. ಆ ಇನ್ನೊಬ್ಬರು ಮನುಷ್ಯರೇ ಆಗಿರಬೇಕಿಲ್ಲ ಅನ್ನುವುದನ್ನು ಫಾರ್ಮಸಿಸ್ಟ್‌ಗಳ ಅಧ್ಯಯನ ನನಗೆ ಹೇಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಬೇರೆ 2022ರ ಜನವರಿ 1ರಿಂದ ಜಾರಿಯಲ್ಲಿದೆ, ದೇಶಗಳು ತಮ್ಮ ತಮ್ಮ ವೇಗದಲ್ಲಿ ಅದಕ್ಕೆ ಬರುತ್ತಿವೆ. ನಾನೀಗ ಒಳರೋಗಿಗಳ ಕೋಡಿಂಗ್ ಕಲಿಯುತ್ತಿದ್ದೇನೆ. ಉದ್ದದ ಚಾರ್ಟುಗಳು, ಒಂದಕ್ಕೊಂದು ಹೊಂದದ ಟಿಪ್ಪಣಿಗಳು, ಡಾಕ್ಟರಿಗೇ ಪ್ರಶ್ನೆ ಬರೆದು ಸ್ಪಷ್ಟನೆ ಕೇಳಬೇಕಾದ ಸಂದರ್ಭಗಳು ಅಲ್ಲಿ ಜಾಸ್ತಿ, ಹಾಗಾಗಿ ಸಾಫ್ಟ್‌ವೇರ್ ಕೈಗೆ ಅಷ್ಟು ಬೇಗ ಸಿಗುವುದಿಲ್ಲ ಅಂತ ನಮ್ಮ ಟೀಮಿನವರು ಹೇಳುತ್ತಾರೆ. ಈ ಕಲಿಕೆಗೆ ವಾರದಲ್ಲಿ ಮೂರು ಸಂಜೆ ಬೇಕು. ಯಾವ ಮೂರು ಅನ್ನುವ ಮಾತುಕತೆ ಮನೆಯಲ್ಲಿ ನಡೆದಿದೆ. ಮಂಗಳವಾರ ಗುರುವಾರಕ್ಕೆ ಒಪ್ಪಿಗೆ ಸಿಕ್ಕಿದೆ, ಶನಿವಾರದ್ದು ಇನ್ನೂ ಚರ್ಚೆಯಲ್ಲಿದೆ.